ಹೊಳೆದಂಡೆಯ ಜಾಗಕ್ಕೆ ಮಣ್ಣು ತುಂಬಿಸಿದರೆ ನೆರೆಯಿಂದ ಪಾರಾಗಬಹುದೇ?

ಅಂಕೋಲಾ ಕಡೆ ಗಂಗಾವಳಿ ಹೊಳೆಯಂಚಿನಲ್ಲಿ ಎಂಟು ಗುಂಟೆ ಜಾಗ ನೋಡಿದ್ದೀರಿ. ನಾಲ್ಕು ಅಡಿ ಮಣ್ಣು ತುಂಬಿಸಿ ಮನೆ ಕಟ್ಟಿದರೆ ಸಾಲದೇ, ನೆರೆಯ ಗಡಿ ಎಂದರೆ ಯಾವುದು ಎಂದು ಕೇಳಿದ್ದೀರಿ. ನಾನು ಇದೇ ತಾಲೂಕಿನವನು, ಮೋಜಣಿ ಮಾಡುವುದು, ಲೆವೆಲ್ (ನೆಲದ ಎತ್ತರ-ತಗ್ಗಿನ ಅಳತೆ) ತೆಗೆಯುವುದು ನನ್ನ ಕಸುಬು. ಮುಂಗಡ ಕೊಡುವ ಮೊದಲು ದಯವಿಟ್ಟು ಇದನ್ನು ಓದಿ.

ನೆರೆಗೆ ಇರುವುದು ಒಂದು ಗೆರೆಯಲ್ಲ, ಎರಡು. ಹೊರಗಿನದು ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಹೇಳುತ್ತದೆ. ಒಳಗಿನದು ನೀರು ಓಡುವ ದಾರಿ, ಅಂದರೆ ಹೊಳೆಯ ಪಾತ್ರ ಮತ್ತು ನೆರೆಯನ್ನು ಸಮುದ್ರಕ್ಕೆ ಸಾಗಿಸಲು ಬೇಕಾದಷ್ಟು ಅಕ್ಕಪಕ್ಕದ ಬಯಲು. ಎಂಜಿನಿಯರುಗಳು ಇದನ್ನು ಫ್ಲಡ್‌ವೇ ಎನ್ನುತ್ತಾರೆ. ಹೊರಗೆರೆಯ ಅಂಚಿನಲ್ಲಿ ನೀರು ಬಂದು ನಿಲ್ಲುತ್ತದೆ, ಮೆಲ್ಲನೆ ಇಳಿಯುತ್ತದೆ. ಅಲ್ಲಿ ಪಾಯ ಎತ್ತರಿಸಿ ಕಟ್ಟಬಹುದು. ಒಳದಾರಿಯಲ್ಲಿ ಮಣ್ಣು ಸುರಿದರೆ ನಿಮ್ಮ ಅಂಗಳವೇನೋ ಒಣಗಿರಬಹುದು, ಆದರೆ ಆ ನೀರಿಗೆ ಜಾಗ ಬೇಕಲ್ಲ? ಮೇಲ್ಭಾಗದವರ ಕೊಟ್ಟಿಗೆಗೋ ಎದುರು ದಂಡೆಗೋ ನುಗ್ಗುತ್ತದೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಮಣ್ಣು ಹೊಳೆಗೆ ಬಿದ್ದಾಗ ನೀರು ಎದ್ದು ಎದುರಿನ ಉಳುವರೆಯ ಮನೆಗಳ ಮೇಲೆ ಅಪ್ಪಳಿಸಿತು. ಆ ದುರಂತಕ್ಕೂ ನಿಮ್ಮ ನಾಲ್ಕು ಅಡಿಗೂ ಹೋಲಿಕೆಯಿಲ್ಲ. ಆದರೂ ಒಂದು ದಂಡೆಯ ಮಣ್ಣು ಇನ್ನೊಂದು ದಂಡೆಯವರನ್ನು ತಟ್ಟುತ್ತದೆ ಎಂಬುದನ್ನು ನಾವು ಕಣ್ಣಾರೆ ಕಂಡವರು.

ಅಮೆರಿಕದಲ್ಲಿ ಇದಕ್ಕೊಂದು ಅಳತೆ ಇದೆ. ಎರಡೂ ಕಡೆಯಿಂದ ಬಯಲನ್ನು ತುಂಬುತ್ತಾ ಬಂದರೂ ನೂರು ವರ್ಷದ ನೆರೆಯ (ಇದರ ಅರ್ಥ ಮುಂದೆ ಹೇಳುತ್ತೇನೆ) ಮಟ್ಟ 1 ಅಡಿಗಿಂತ ಹೆಚ್ಚು ಏರಬಾರದು. ಅದಕ್ಕಾಗಿ ಬಿಡಬೇಕಾದ ಅಗಲವೇ ಒಳದಾರಿ. ನಮ್ಮ ಕೇಂದ್ರ ಸರ್ಕಾರವೂ 1975ರಲ್ಲೇ ನೆರೆ ಬಯಲಿನ ವಲಯೀಕರಣಕ್ಕೆ ಮಾದರಿ ಮಸೂದೆ ಮಾಡಿ ರಾಜ್ಯಗಳಿಗೆ ಕಳಿಸಿತ್ತು. ವಾಸದ ಮನೆ 25 ವರ್ಷದ ನೆರೆಮಟ್ಟಕ್ಕಿಂತ ಮೇಲಿರಬೇಕು, ಆಸ್ಪತ್ರೆ, ವಿದ್ಯುತ್ ಕೇಂದ್ರಗಳು 100 ವರ್ಷದ್ದಕ್ಕಿಂತ ಮೇಲಿರಬೇಕು ಎಂಬುದು ಕೇಂದ್ರದ ಮಾರ್ಗಸೂಚಿ. ಮಣಿಪುರ, ರಾಜಸ್ಥಾನ, ಉತ್ತರಾಖಂಡದಂಥ ಬೆರಳೆಣಿಕೆಯ ರಾಜ್ಯಗಳು ಕಾಯಿದೆ ಮಾಡಿವೆ. ಐದು ಹೊಳೆಗಳು ಸಮುದ್ರ ಸೇರುವ ಜಿಲ್ಲೆಯಿರುವ ನಮ್ಮ ರಾಜ್ಯ ಅದರಲ್ಲಿ ಇಲ್ಲದಿರುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ನೂರು ವರ್ಷದ ನೆರೆ ನೂರು ವರ್ಷಕ್ಕೊಮ್ಮೆ ಬರುವುದೆಂದು ನೆಮ್ಮದಿಯಿಂದ ಇರಬೇಡಿ. ಯಾವ ವರ್ಷವಾದರೂ ಅದು ಬರುವ ಸಂಭವ ಶೇ 1. 30 ವರ್ಷದ ಗೃಹಸಾಲ ತೀರುವುದರೊಳಗೆ ಒಮ್ಮೆಯಾದರೂ ಬರುವ ಸಂಭವ ಸುಮಾರು ಶೇ 26. ಗಂಗಾವಳಿ 2019ರಲ್ಲಿ ಉಕ್ಕಿತು, ಎರಡೇ ವರ್ಷ ಕಳೆದು 2021ರಲ್ಲಿ ಮತ್ತೆ ಉಕ್ಕಿ ಗುಳ್ಳಾಪುರದ ಸೇತುವೆಯನ್ನು ಕೊಚ್ಚಿಕೊಂಡು ಹೋಯಿತು.

ಗೆರೆ ಎಲ್ಲಿದೆ ಎಂದು ತಿಳಿಯಲು ಮೊಬೈಲಿನ ನಕ್ಷೆ ನಂಬಬೇಡಿ. ಉಪಗ್ರಹದ ಉಚಿತ ಎತ್ತರದ ಮಾಹಿತಿ ಅಡಿಕೆ, ತೆಂಗಿನ ತೋಟದ ನೆತ್ತಿಯನ್ನೇ ಎಷ್ಟೋ ಕಡೆ ನೆಲವೆಂದು ತೋರಿಸುತ್ತದೆ. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯ ಸಮೋನ್ನತಿ ರೇಖೆಗಳ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳ) ನಡುವಿನ ಎತ್ತರದ ಅಂತರ 20 ಮೀಟರ್. ನಮಗೆ ಬೇಕಾದದ್ದು ಗೇಣಿನ ಲೆಕ್ಕ. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಕ್ಷೆಯ ಉಬ್ಬರದ ರೇಖೆ ತೋರಿಸಿ ‘ನೆರೆ ಇಲ್ಲಿಗೆ ಬರುವುದಿಲ್ಲ’ ಎನ್ನುವ ದಲ್ಲಾಳಿಗಳಿದ್ದಾರೆ. ಅದು ಕಡಲಿನ ಉಬ್ಬರದ ಗುರುತು, ಘಟ್ಟದ ಮಳೆಯ ಗುರುತಲ್ಲ.

ಮನೆಗಳ ಗೋಡೆಯೇ ಒಳ್ಳೆಯ ದಾಖಲೆ, ಓದಲು ಬರಬೇಕು ಅಷ್ಟೆ. 2019ರ ನೆರೆ ಇಳಿದ ಮೇಲೆ ಒಂದು ಮನೆಯಲ್ಲಿ ಸುಣ್ಣದ ಗೋಡೆ ಎದೆಮಟ್ಟದವರೆಗೂ ಕಪ್ಪಾಗಿತ್ತು. ನಾನು ಅಲ್ಲಿಗೇ ಸ್ಟಾಫ್ (ಮಟ್ಟ ಅಳೆಯುವ ಗುರುತುಕೋಲು) ಹಿಡಿಯಲು ಹೊರಟೆ. ‘ತಮ್ಮಾ, ನೀರು ಅಷ್ಟು ಬಂದಿರಲಿಲ್ಲ, ಗೂಡಿನಲ್ಲಿದ್ದ ಬೆಂಕಿಪೆಟ್ಟಿಗೆ ನೆನೆದಿಲ್ಲ’ ಎಂದು ಆ ಮನೆಯ ಅಜ್ಜಿ ತಡೆದರು. ಗೋಡೆ ನೀರು ಹೀರಿದ್ದರಿಂದ ಒದ್ದೆ ಮೇಲೇರಿತ್ತು. ಬಾಗಿಲ ಚೌಕಟ್ಟಿನಲ್ಲಿ ಹುಡುಕಿದರೆ ಒಂದು ಗೇಣು ಕೆಳಗೆ ನೂಲಿನಂಥ ಕೆಸರಿನ ಗೆರೆ, ಅದಕ್ಕೆ ಅಂಟಿಕೊಂಡ ಭತ್ತದ ಹೊಟ್ಟು. ನೀರು ನಿಂತ ನಿಜವಾದ ಮಟ್ಟ ಅದು.

ನೀವು ನೋಡಿದ ಜಾಗದ ಸುತ್ತ ಇಂಥ ಮೂರ್ನಾಲ್ಕು ಮನೆ ಹುಡುಕಿ, ಗುರುತು ಕೇಳಿ. ಆ ಹೊತ್ತು ಕಡಲಿನಲ್ಲಿ ಉಬ್ಬರವಿತ್ತೇ ಇಳಿತವಿತ್ತೇ ಎಂದೂ ಕೇಳಿ. ಅಳಿವೆಯ ಹತ್ತಿರ ಅಮಾವಾಸ್ಯೆ, ಹುಣ್ಣಿಮೆಯ ಉಬ್ಬರ ನೆರೆನೀರನ್ನು ಹಿಂದಕ್ಕೆ ತಡೆದು ನಿಲ್ಲಿಸುತ್ತದೆ. ನೀರು ನಿಂತಿತ್ತೋ ಓಡುತ್ತಿತ್ತೋ ಎಂಬುದು ಎಲ್ಲಕ್ಕಿಂತ ಮುಖ್ಯ. ‘ತೆಂಗಿನ ಮಡಲುಗಳು ತೇಲುತ್ತಾ ಹೋದವು, ದೋಣಿ ನಿಲ್ಲಿಸಲಾಗಲಿಲ್ಲ’ ಎಂದರೆ ಅದು ಒಳದಾರಿ. ಆ ಜಾಗ ಬಿಟ್ಟುಬಿಡಿ. ‘ಎರಡು ದಿನ ಮೊಣಕಾಲುದ್ದ ನಿಂತಿತ್ತು’ ಎಂದರೆ ಆಟೋ ಲೆವೆಲ್ (ಮಟ್ಟ ನೋಡುವ ದುರ್ಬೀನಿನ ಉಪಕರಣ) ಇರುವ ಮೋಜಣಿದಾರರನ್ನು ಕರೆಸಿ ಆ ಗುರುತಿನಿಂದ ನಿಮ್ಮ ಜಾಗಕ್ಕೆ ಮಟ್ಟ ತರಿಸಿ. ಒಂದು ದಿನದ ಕೆಲಸ. ಮನೆಯ ನೆಲವನ್ನು ಆ ಮಟ್ಟಕ್ಕಿಂತ ಎರಡು ಅಡಿಯಾದರೂ ಮೇಲಿಡಿ, ಇಡೀ ಎಂಟು ಗುಂಟೆಗೆ ಮಣ್ಣು ತುಂಬಿಸದೆ ಮನೆಯಷ್ಟನ್ನೇ ಕಂಬಗಳ ಮೇಲೆ ಎತ್ತಿ, ಅಡಿಯಲ್ಲಿ ನೀರು ಹಾಯಲು ಬಿಡಿ.