ಸ್ಪಾಂಡಿಲೋಸಿಸ್ ಬೇರೆ, ಸ್ಪಾಂಡಿಲೈಟಿಸ್ ಬೇರೆ

ಅಮ್ಮನ ಕತ್ತಿನ ಎಕ್ಸ್‌ರೇ ವರದಿಯಲ್ಲಿ 'ಸರ್ವೈಕಲ್ ಸ್ಪಾಂಡಿಲೋಸಿಸ್' ಎಂದಿದೆ, ಪಕ್ಕದ ಮನೆಯವರು ಅದನ್ನೇ ಸ್ಪಾಂಡಿಲೈಟಿಸ್ ಅನ್ನುತ್ತಾರೆ, ಎರಡೂ ಒಂದೇನಾ ಎಂದು ಕೇಳಿದ್ದೀರಿ. ಒಂದೇ ಅಲ್ಲ. ನಮ್ಮಲ್ಲಿ ಕತ್ತುನೋವಿಗೆಲ್ಲ ಸ್ಪಾಂಡಿಲೈಟಿಸ್ ಅನ್ನುವುದು ರೂಢಿಯಾಗಿಬಿಟ್ಟಿದೆ, ಅಷ್ಟೇ.

ಸ್ಪಾಂಡಿಲೋಸ್ ಎಂದರೆ ಗ್ರೀಕಿನಲ್ಲಿ ಬೆನ್ನುಹುರಿಯನ್ನು ಕಾಯುವ ಮೂಳೆಯ ಮಣಿ. ಕೊನೆಗೆ 'ಐಟಿಸ್' ಬಂದರೆ ಉರಿಯೂತ: ಟಾನ್ಸಿಲೈಟಿಸ್, ಅಪೆಂಡಿಸೈಟಿಸ್ ನೆನಪಿಸಿಕೊಳ್ಳಿ. 'ಓಸಿಸ್' ಎಂದರೆ ಬರೀ ಒಂದು ಸ್ಥಿತಿ. ಇಲ್ಲಿ ವಯಸ್ಸಿನಿಂದಾದ ಸವೆತ. (ಪ್ರತ್ಯಯವೊಂದನ್ನೇ ನಂಬಬೇಡಿ, ಟ್ಯೂಬರ್ಕ್ಯುಲೋಸಿಸ್ ಸೋಂಕು!) ಮಣಿಗಳ ನಡುವಿನ ಮೆತ್ತೆ ಒಣಗಿ ತೆಳುವಾಗುತ್ತದೆ, ಅಂಚಿನಲ್ಲಿ ಮೂಳೆ ಸಣ್ಣಗೆ ಬೆಳೆಯುತ್ತದೆ. 60 ದಾಟಿದ ಬಹುತೇಕರ ಎಕ್ಸ್‌ರೇಯಲ್ಲಿ ಇದು ಕಾಣುತ್ತದೆ, ನೋವೇ ಇಲ್ಲದವರಲ್ಲೂ.

ಸ್ಪಾಂಡಿಲೈಟಿಸ್‌ನ ಒಂದು ಬಗೆಯಾದ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಅಂದರೆ ಬೆನ್ನುಮೂಳೆಯ ಉರಿಯೂತ, ಬೇರೆಯೇ ಕಾಯಿಲೆ. ಸಾಮಾನ್ಯವಾಗಿ 45ರೊಳಗೇ ಶುರುವಾಗುತ್ತದೆ. ಬೆಳಗ್ಗೆ ಬೆನ್ನು ಬಿಗಿದು, ಓಡಾಡಿದ ಮೇಲೆ ಸಡಿಲವಾಗುತ್ತದೆ. ಚಿಕಿತ್ಸೆಯೂ ಬೇರೆ. ಅದಕ್ಕೇ ಹೆಸರು ಅದಲುಬದಲಾಗಬಾರದು ಅನ್ನುವುದು.

ವರದಿಯ ಆ ಪದಕ್ಕೆ ಹೆದರಬೇಡಿ. ಆದರೆ ಅಮ್ಮನಿಗೆ ಕೈಯಲ್ಲಿ ಬಲ ಕಡಿಮೆಯಾಗಿ ಸೀರೆಗೆ ಪಿನ್ ಹಾಕಲೂ ಕಷ್ಟವಾಗುತ್ತಿದ್ದರೆ, ನಡಿಗೆ ತೂರಾಡಿದರೆ, ಮೂತ್ರದ ಹಿಡಿತ ತಪ್ಪಿದರೆ ತಡಮಾಡದೆ ವೈದ್ಯರಿಗೆ ತೋರಿಸಿ.