ಹೈಸ್ಕೂಲ್ ಇಂಗ್ಲಿಷ್ ಮೇಷ್ಟ್ರಾಗಲು ಬಿ.ಇಡಿ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಬಿ.ಎ.ನಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಓದಿದ್ದೇನೆ, ಶೇ 58 ಅಂಕ ಬಂದಿದೆ. ಇಂಗ್ಲಿಷ್ ಇದ್ದದ್ದು ಕಡ್ಡಾಯ ಭಾಷೆಯಾಗಿ ಮಾತ್ರ. ಬಿ.ಇಡಿ ಮಾಡಿದರೆ ಇಂಗ್ಲಿಷ್ ಶಿಕ್ಷಕನಾಗಬಹುದೇ? (ಹಾವೇರಿ ಜಿಲ್ಲೆಯ ಓದುಗರು)

ಬಿ.ಇಡಿ ಸೇರುವುದಕ್ಕೆ ಅಡ್ಡಿಯಿಲ್ಲ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಮಂಡಳಿಯ (ಎನ್‌ಸಿಟಿಇ) 2014ರ ನಿಯಮದ ಪ್ರಕಾರ ಪದವಿಯಲ್ಲಿ ಶೇ 50 ಬೇಕು, ಮೀಸಲಾತಿ ಇರುವವರಿಗೆ ಇದರಲ್ಲಿ ಸಡಿಲಿಕೆ ಉಂಟು. ತೊಡಕು ಎದುರಾಗುವುದು ಎರಡು ವರ್ಷ ಕಳೆದ ಮೇಲೆ, ಕೆಲಸಕ್ಕೆ ಅರ್ಜಿ ಹಾಕುವಾಗ.

ನಮ್ಮ ಬಹುತೇಕ ವಿಶ್ವವಿದ್ಯಾಲಯಗಳ ಹಳೆಯ ಮೂರು ವರ್ಷದ ಬಿ.ಎ.ನಲ್ಲಿ ಕಡ್ಡಾಯ ಇಂಗ್ಲಿಷ್ ಮೊದಲ ನಾಲ್ಕು ಸೆಮಿಸ್ಟರ್‌ಗೆ ಮುಗಿದುಹೋಗುತ್ತಿತ್ತು. ಕೇಂದ್ರೀಯ ವಿದ್ಯಾಲಯದ ಟಿಜಿಟಿ (ತರಬೇತಿ ಪಡೆದ ಪದವೀಧರ ಶಿಕ್ಷಕ) ಇಂಗ್ಲಿಷ್ ಹುದ್ದೆಗೆ ಪದವಿಯ ಎಲ್ಲ ವರ್ಷವೂ ಇಂಗ್ಲಿಷ್ ಓದಿರಬೇಕು. ರಾಜ್ಯದ ಹೈಸ್ಕೂಲ್ ನೇಮಕಾತಿಯಲ್ಲೂ ಕಣ್ಣು ಹೋಗುವುದು ಐಚ್ಛಿಕ (ಆಯ್ದು ಓದಿದ) ಇಂಗ್ಲಿಷಿನ ಮೇಲೆಯೇ. ಬಿ.ಇಡಿ ಕಾಲೇಜಿನವರು ನಿಮಗೆ ಇಂಗ್ಲಿಷ್ ಮೆಥಡ್ (ಕಲಿಸಲು ತರಬೇತಿ ಪಡೆಯುವ ವಿಷಯ) ಕೊಟ್ಟರು ಅಂದಮಾತ್ರಕ್ಕೆ ದಾಖಲೆ ಪರಿಶೀಲನೆಯಲ್ಲಿ ಪದವಿಯ ಅಂಕಪಟ್ಟಿ ಬದಲಾಗುವುದಿಲ್ಲ. ಎಷ್ಟೋ ಜನ ಇದನ್ನು ತಿಳಿಯುವುದು ಆ ಮೇಜಿನ ಮುಂದೆ ನಿಂತಾಗ.

ಆದ್ದರಿಂದ ಸರ್ಕಾರಿ ಹುದ್ದೆಯೇ ಗುರಿಯಾಗಿದ್ದರೆ ಸಮಾಜ ವಿಜ್ಞಾನವನ್ನು ಮುಖ್ಯ ಮೆಥಡ್ ಆಗಿ ಹಿಡಿಯಿರಿ, ನಿಮ್ಮ ಮೂರೂ ವಿಷಯ ಅದಕ್ಕೆ ಹೊಂದುತ್ತವೆ. ಇಂಗ್ಲಿಷನ್ನೇ ಕಲಿಸಬೇಕೆಂಬ ಆಸೆ ಬಲವಾಗಿದ್ದರೆ ಮೊದಲು ಎಂ.ಎ. ಇಂಗ್ಲಿಷ್ ಮಾಡಿ. ಆದರೆ ಹೈಸ್ಕೂಲ್ ಹುದ್ದೆಗೆ ಪದವಿಯ ಕೊರತೆಯನ್ನು ಎಂ.ಎ. ತುಂಬುತ್ತದೆಂದು ನಂಬಿ ಕೂರಬೇಡಿ. ಹಿಂದಿನ ಅಧಿಸೂಚನೆಯ ವಿದ್ಯಾರ್ಹತೆ ಕಾಲಂ ತೆಗೆದು ‘ಐಚ್ಛಿಕ’ ಎಂಬ ಪದ ಎಲ್ಲಿದೆ ನೋಡಿ, ಆಮೇಲೆ ಫೀಸು ಕಟ್ಟಿ.

ಪ್ರಶ್ನೆ: ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದೇನೆ, ಡಿ.ಇಡಿ ಆಗಿಲ್ಲ. ಕೆಲಸ ಬಿಡದೆ ದೂರಶಿಕ್ಷಣದಲ್ಲಿ ಬಿ.ಇಡಿ ಮಾಡಬಹುದೇ?

ಆಗುವುದಿಲ್ಲ. ದೂರಶಿಕ್ಷಣದ ಬಿ.ಇಡಿ ಇರುವುದು ಈಗಾಗಲೇ ತರಬೇತಿ ಪಡೆದವರಿಗೆ: ಪ್ರಾಥಮಿಕ ಶಾಲೆಯ ತರಬೇತಾದ ಸೇವಾನಿರತ ಶಿಕ್ಷಕರು, ಇಲ್ಲವೇ ಮಾನ್ಯತೆ ಇರುವ ಶಿಕ್ಷಕ ತರಬೇತಿಯನ್ನು ತರಗತಿಗೆ ಹೋಗಿಯೇ ಮುಗಿಸಿದವರು. ‘ಹಾಜರಾತಿ ಬೇಡ, ಪರೀಕ್ಷೆಗೆ ಬಂದರೆ ಸಾಕು’ ಅನ್ನುವ ರೆಗ್ಯುಲರ್ ಕಾಲೇಜಿಗೂ ಬೀಳಬೇಡಿ. ನಿಯಮದಲ್ಲಿ ತರಗತಿ, ಪ್ರಾಯೋಗಿಕ ಕೆಲಸಕ್ಕೆ ಶೇ 80, ಶಾಲಾ ಇಂಟರ್ನ್‌ಶಿಪ್‌ಗೆ ಶೇ 90 ಹಾಜರಾತಿ ಕಡ್ಡಾಯ.

ಪ್ರಶ್ನೆ: ಇಂಗ್ಲಿಷ್ ಮೆಥಡ್ ತೆಗೆದುಕೊಂಡಿದ್ದೇನೆ, ಮುಂದಿನ ತಿಂಗಳು ಇಂಟರ್ನ್‌ಶಿಪ್. ಹಳ್ಳಿಯ ಕನ್ನಡ ಮಾಧ್ಯಮ ಶಾಲೆ, ಒಂಬತ್ತನೇ ತರಗತಿ, 50 ಮಕ್ಕಳು. ಮೈಕ್ರೋ ಟೀಚಿಂಗ್ ಚೆನ್ನಾಗೇ ಮಾಡಿದ್ದೆ, ಆದರೂ ಭಯವಾಗುತ್ತಿದೆ. ಪಾಠ ಯೋಜನೆ ಹೇಗಿರಬೇಕು?

ಭಯಕ್ಕೆ ಕಾರಣವಿದೆ. ಮೈಕ್ರೋ ಟೀಚಿಂಗ್‌ನ ಒಂದು ಸುತ್ತು 36 ನಿಮಿಷ: ಪಾಠ 6, ಹಿಮ್ಮಾಹಿತಿ 6, ಮರುಯೋಜನೆ 12, ಮರುಪಾಠ 6, ಮತ್ತೆ ಹಿಮ್ಮಾಹಿತಿ 6. ಅಲ್ಲಿ ಒಂದು ಸಲಕ್ಕೆ ಒಂದೇ ಕೌಶಲ, ಎದುರಿಗೆ ಕೂತವರು ನಿಮ್ಮ ಸಹಪಾಠಿಗಳು, ಕೇಳಿದ್ದಕ್ಕೆಲ್ಲ ಸರಿಯುತ್ತರ ಬರುತ್ತದೆ. ಒಂಬತ್ತನೇ ತರಗತಿಯಲ್ಲಿ ಬರುವುದು ಮೌನ. ಆ ಮೌನಕ್ಕೆ ಹೆದರಿ ಪ್ರಶಿಕ್ಷಣಾರ್ಥಿ ಪಾಠದ ಸಾಲುಸಾಲನ್ನೂ ಕನ್ನಡಕ್ಕೆ ತಿರುಗಿಸಿ ಹೇಳತೊಡಗುತ್ತಾರೆ. ಮಕ್ಕಳಿಗೆ ಕಥೆ ತಿಳಿಯುತ್ತದೆ, ಇಂಗ್ಲಿಷ್ ಮಾತ್ರ ಕಿವಿಯ ಪಕ್ಕ ಹಾದುಹೋಗುತ್ತದೆ.

ಸ್ವಲ್ಪ ಲೆಕ್ಕ ಹಾಕಿ. 40 ನಿಮಿಷದ ಪೀರಿಯಡ್, 50 ಮಕ್ಕಳು. ನೀವು ತುಟಿಪಿಟಕ್ಕೆನ್ನದೆ ಒಬ್ಬೊಬ್ಬರನ್ನೇ ಎಬ್ಬಿಸಿ ಮಾತಾಡಿಸಿದರೂ ತಲೆಗೆ 48 ಸೆಕೆಂಡು. ಅದೇ ಪಕ್ಕದವರೊಡನೆ ಜೋಡಿ ಮಾಡಿ 6 ನಿಮಿಷ ಬಿಟ್ಟರೆ ತಲೆಗೆ 3 ನಿಮಿಷ ಸಿಗುತ್ತದೆ. ಗಲಾಟೆ ಆಗುತ್ತದೆ, ಆಗಲಿ. ಹೆಡ್‌ಮೇಷ್ಟ್ರಿಗೆ, ಪಕ್ಕದ ಕೋಣೆಯವರಿಗೆ ಮೊದಲೇ ಒಂದು ಮಾತು ಹೇಳಿಟ್ಟಿರಿ.

ಗದ್ಯಪಾಠಕ್ಕೆ ಕಾಲ ಹೀಗೆ ಹಂಚಬಹುದು. ಮೊದಲ 5 ನಿಮಿಷ ಚಿತ್ರವೋ ವಸ್ತುವೋ ತೋರಿಸಿ ವಿಷಯಕ್ಕೆ ಎಳೆಯಿರಿ. ಮುಂದಿನ 5 ನಿಮಿಷ ಹೊಸ ಪದಗಳು, ಐದಕ್ಕಿಂತ ಹೆಚ್ಚು ಬೇಡ. ಇಪ್ಪತ್ತು ಪದ ಬೋರ್ಡಿಗೆ ಬರೆದರೆ ಅದು ನಕಲು ಬರಹದ ಪೀರಿಯಡ್ ಆಗುತ್ತದೆ. ಬಳಿಕ ಎರಡು ಪ್ರಶ್ನೆ ಬೋರ್ಡಿನ ಮೇಲೆ ಬರೆದು, ಅವುಗಳ ಉತ್ತರ ಹುಡುಕಲೆಂದೇ ಒಂದೂವರೆ ಪ್ಯಾರಾವನ್ನು 8 ನಿಮಿಷ ಮೌನವಾಗಿ ಓದಿಸಿ. ಪ್ರಶ್ನೆ ಓದಿಗೆ ಮುಂಚೆ ಬರಬೇಕು, ಹೊಸಬರೆಲ್ಲ ಎಡವುವುದು ಇಲ್ಲೇ. ಓದಿದ ಮೇಲೆ ಪ್ರಶ್ನೆ ಹಾಕಿದರೆ ಮಕ್ಕಳು ಮತ್ತೆ ಮೊದಲಿಂದ ಓದಬೇಕು, ಓದುವುದಿಲ್ಲ. ಉತ್ತರ ಚರ್ಚೆಗೆ 7, ಜೋಡಿ ಮಾತಿಗೆ 6, ಮೂರು ವಾಕ್ಯ ಬರೆಯಲು 7, ಮನೆಕೆಲಸಕ್ಕೆ 2. ದಾಖಲೆ ಪುಸ್ತಕದಲ್ಲಿ 5ಇ ಮಾದರಿ (ಎಂಗೇಜ್, ಎಕ್ಸ್‌ಪ್ಲೋರ್, ಎಕ್ಸ್‌ಪ್ಲೇನ್, ಎಲಾಬೊರೇಟ್, ಇವ್ಯಾಲ್ಯುಯೇಟ್ ಎಂಬ ಐದು ಹಂತ) ಕೇಳಿದರೆ ಇವನ್ನೇ ಆ ಐದು ತಲೆಬರಹದಡಿ ಕೂರಿಸಿ, ಪಾಠ ಬದಲಾಗಬೇಕಿಲ್ಲ.

ಕನ್ನಡ ಬಳಸಬೇಕೋ ಬೇಡವೋ ಅನ್ನುವ ಜಗಳ ಹಳೆಯದು. ‘ಜೆಲಸಿ’ ಅಂದರೆ ಹೊಟ್ಟೆಕಿಚ್ಚು ಅಂದುಬಿಡಿ, ಒಂದೇ ಪದದಲ್ಲಿ ಕೆಲಸ ಮುಗಿಯಿತು, ಅದಕ್ಕೆ ಇಂಗ್ಲಿಷಿನಲ್ಲಿ ಹರಿಕಥೆ ಬೇಡ. ಆದರೆ ‘ಪುಸ್ತಕ ತೆಗೆಯಿರಿ’, ‘ಪಕ್ಕದವರಿಗೆ ಹೇಳಿ’, ‘ಎರಡನೇ ಪ್ಯಾರಾ ಓದಿ’ ಎಂಬ ಸೂಚನೆಗಳನ್ನು ದಿನವೂ ಇಂಗ್ಲಿಷಿನಲ್ಲೇ, ದಿನವೂ ಅದೇ ಮಾತಿನಲ್ಲಿ ಕೊಡಿ. ಪದೇ ಪದೇ ಕಿವಿಗೆ ಬಿದ್ದು ಅರ್ಥವಾಗುವ ಇಂಗ್ಲಿಷ್ ಹಳ್ಳಿಯ ಮಗುವಿಗೆ ಸಿಗುವುದು ಬಹುಮಟ್ಟಿಗೆ ಅಲ್ಲಿ ಮಾತ್ರ.

ತಪ್ಪು ತಿದ್ದುವಾಗ ಅದು ಎಲ್ಲಿಂದ ಬಂತು ನೋಡಿ. ಕನ್ನಡದಲ್ಲಿ ‘ನಿನ್ನೆ ಬಂದಳು’ ಅಂದರೆ ಬಂದದ್ದು ಹೆಣ್ಣು ಅಂತ ಕ್ರಿಯಾಪದವೇ ಹೇಳಿಬಿಡುತ್ತದೆ. ಅದಕ್ಕೇ ಮಗು ‘ಯೆಸ್ಟರ್‌ಡೇ ಕೇಮ್’ ಎಂದು ಬರೆದು ‘ಶಿ’ ಬಿಡುತ್ತದೆ. ನಮ್ಮಲ್ಲಿ ‘ಮೇಜಿನ ಮೇಲೆ’, ಇಂಗ್ಲಿಷಿನಲ್ಲಿ ‘ಮೇಲೆ’ ಅನ್ನುವ ಪದ ಮೊದಲು, ಮೇಜು ಆಮೇಲೆ. ‘ಎ’, ‘ದ’ಗಳಿಗೆ ಕನ್ನಡದಲ್ಲಿ ಜೋಡಿಯೇ ಇಲ್ಲ, ಹಾಗಾಗಿ ಅವು ಉದುರುತ್ತವೆ. ಎರಡೂ ಭಾಷೆಯ ವಾಕ್ಯವನ್ನು ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆದು ಗೆರೆ ಎಳೆದು ತೋರಿಸಿದರೆ ಕರ್ತೃ, ಕರ್ಮದ ವ್ಯಾಖ್ಯೆಗಿಂತ ಬೇಗ ನಾಟುತ್ತದೆ.

ಉಚ್ಚಾರಣೆಯಲ್ಲಿ ಎಲ್ಲವನ್ನೂ ತಿದ್ದಲು ಹೋಗಬೇಡಿ. ‘ವಾಕೆಡ್’, ‘ಜಂಪೆಡ್’ ಅನ್ನುವುದನ್ನು ತಿದ್ದಿದರೆ ತಕ್ಷಣ ಫಲ ಕಾಣುತ್ತದೆ. ಭೂತಕಾಲದ ಆ ಪ್ರತ್ಯಯಕ್ಕೆ ಮೂರೇ ದನಿ. ಧಾತು ಟ, ಡ ದನಿಯಲ್ಲಿ ಮುಗಿದರೆ ‘ಇಡ್’: ವಾಂಟಿಡ್. ಕ, ಪ, ಫ, ಸ, ಶ, ಚ ಇದ್ದರೆ ‘ಟ್’: ವಾಕ್ಟ್, ಜಂಪ್ಟ್. ಉಳಿದೆಡೆ ‘ಡ್’: ಪ್ಲೇಡ್. ಇದು ಒಂದು ಪೀರಿಯಡ್ಡಿನ ಕೆಲಸ. ಮೊದಲು ನಿಮ್ಮ ನಾಲಿಗೆ ತಿದ್ದಿಕೊಳ್ಳಿ, ಫೋನಿನಲ್ಲಿ ನಿಮ್ಮದೇ ಓದನ್ನು ರೆಕಾರ್ಡ್ ಮಾಡಿ ಕೇಳಿ.

ಇನ್ನೊಂದು ಮಾತು. ಎರಡು ವರ್ಷದಲ್ಲಿ ಶಾಲೆಯಲ್ಲಿ ಕಳೆಯಬೇಕಾದ ಅವಧಿ ಒಟ್ಟು 20 ವಾರ, ಮೊದಲ ವರ್ಷ 4, ಎರಡನೆಯ ವರ್ಷ 16. ಪ್ರಶಿಕ್ಷಣಾರ್ಥಿಯನ್ನು ಖಾಲಿ ಪೀರಿಯಡ್ ತುಂಬಲು ಓಡಾಡಿಸುವ ಶಾಲೆಗಳಿವೆ. ನಯವಾಗಿಯೇ ನಿಮ್ಮ ತರಗತಿ ನಿಗದಿ ಮಾಡಿಸಿಕೊಳ್ಳಿ. ಮೊದಲ ವಾರ ಹಿಂದಿನ ಬೆಂಚಿನಲ್ಲಿ ಕೂತು, ಯಾವ ಮಗು ಇಡೀ ಪೀರಿಯಡ್ ಬಾಯಿ ಬಿಡಲಿಲ್ಲ ಎಂದು ಹೆಸರು ಗುರುತು ಮಾಡಿಕೊಳ್ಳಿ. ಮುಂದಿನ ಪಾಠ ಯೋಜನೆ ಆ ಪಟ್ಟಿಯಿಂದ ಶುರುವಾಗಲಿ.

ಪ್ರಶ್ನೆ: ಟಿಇಟಿ ಹೈಸ್ಕೂಲಿಗೂ ಬೇಕೇ?

ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, 1ರಿಂದ 8ನೇ ತರಗತಿಗೆ ಸಂಬಂಧಿಸಿದ ಅರ್ಹತೆ. 6ರಿಂದ 8ಕ್ಕೆ ಎರಡನೇ ಪತ್ರಿಕೆ: 150 ಪ್ರಶ್ನೆ, 150 ನಿಮಿಷ, ಸಾಮಾನ್ಯ ವರ್ಗಕ್ಕೆ ಶೇ 60, ಅಂದರೆ 90 ಅಂಕ. ಕೇಂದ್ರೀಯ ವಿದ್ಯಾಲಯದ ಟಿಜಿಟಿಗೆ ಸಿಟಿಇಟಿಯ (ಕೇಂದ್ರದ ಟಿಇಟಿ) ಎರಡನೇ ಪತ್ರಿಕೆ ಬೇಕು. ತಪ್ಪುತ್ತರಕ್ಕೆ ಅಂಕ ಕಡಿತವಿಲ್ಲದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಬರೆದಿಟ್ಟರೆ ನಷ್ಟವಿಲ್ಲ, ಪ್ರಮಾಣಪತ್ರ ಈಗ ಜೀವನಪರ್ಯಂತ ಊರ್ಜಿತ.

ಪ್ರಶ್ನೆ: ಮೈಸೂರಿನಲ್ಲಿ ಬಿ.ಇಡಿ ಮುಗಿಸಿ, ಯಜಮಾನರ ಕೆಲಸದ ಕಾರಣ ಇಂಗ್ಲೆಂಡಿಗೆ ಬಂದಿದ್ದೇನೆ. ಇಲ್ಲಿ ಇಂಗ್ಲಿಷ್ ಟೀಚರ್ ಆಗಬಹುದೇ?

ಅಲ್ಲಿ ಬೇಕಾದದ್ದು ಅರ್ಹ ಶಿಕ್ಷಕ ಮಾನ್ಯತೆ, ಅಂದರೆ ಕ್ಯೂಟಿಎಸ್. 2023ರಲ್ಲಿ ಭಾರತದ ಶಿಕ್ಷಕರಿಗೂ ನೇರ ಅರ್ಜಿಯ ದಾರಿ ತೆರೆಯಿತು, ಆದರೆ ಗಣಿತ, ವಿಜ್ಞಾನ, ವಿದೇಶಿ ಭಾಷೆ ಕಲಿಸುವವರಿಗೆ ಮಾತ್ರ. ಇಂಗ್ಲಿಷ್ ಆ ಪಟ್ಟಿಯಲ್ಲಿ ಇರಲಿಲ್ಲ. ಹಾಗಾಗಿ ನಿಮಗೆ ಒಂದು ವರ್ಷದ, ಪಿಜಿಸಿಇ (ಅಲ್ಲಿನ ಸ್ನಾತಕೋತ್ತರ ಶಿಕ್ಷಣ ಪ್ರಮಾಣಪತ್ರ) ಸಹಿತ ತರಬೇತಿಯೇ ನೇರ ಹಾದಿ. ಅದಕ್ಕೆ ಪದವಿ, ಜೊತೆಗೆ ಇಂಗ್ಲಿಷ್ ಮತ್ತು ಗಣಿತದಲ್ಲಿ ಜಿಸಿಎಸ್‌ಇ (ಅಲ್ಲಿ ಸುಮಾರು 16ನೇ ವಯಸ್ಸಿನಲ್ಲಿ ಬರೆಯುವ ಪರೀಕ್ಷೆ) 4ನೇ ಗ್ರೇಡಿಗೆ ಸಮನಾದ ಅರ್ಹತೆ ಬೇಕು. ನಿಮ್ಮ ಅಂಕಪಟ್ಟಿಗಳ ಸಮಾನತೆಯ ಪತ್ರವನ್ನು ವಿದೇಶಿ ವಿದ್ಯಾರ್ಹತೆಗಳನ್ನು ಅಲ್ಲಿನವುಗಳಿಗೆ ಹೋಲಿಸಿ ಪತ್ರ ಕೊಡುವ ಎನಿಕ್ ಸಂಸ್ಥೆಯಿಂದ ಈಗಲೇ ಪಡೆದಿಡಿ. ತರಬೇತಿಯಲ್ಲಿ ಕನಿಷ್ಠ ಎರಡು ಶಾಲೆಗಳಲ್ಲಿ 120 ದಿನ ಕಳೆಯಬೇಕು, ಮುಗಿದ ಮೇಲೆ ಎರಡು ವರ್ಷದ ಆರಂಭಿಕ ಶಿಕ್ಷಕ ಅವಧಿ.

ಹೆಸರು ಒಂದೇ ಆದರೂ ವಿಷಯ ಬೇರೆ ಅನ್ನುವುದು ನೆನಪಿರಲಿ. ಇಲ್ಲಿ ನೀವು ಕಲಿತದ್ದು ಎರಡನೇ ಭಾಷೆಯಾಗಿ ಇಂಗ್ಲಿಷ್ ಕಲಿಸುವುದನ್ನು. ಅಲ್ಲಿ ಜಿಸಿಎಸ್‌ಇ ಇಂಗ್ಲಿಷ್ ಸಾಹಿತ್ಯದಲ್ಲಿ ಷೇಕ್ಸ್‌ಪಿಯರ್ ನಾಟಕ, 19ನೇ ಶತಮಾನದ ಕಾದಂಬರಿ, 1914ರ ನಂತರದ ಬ್ರಿಟಿಷ್ ಕೃತಿ, ಕವಿತೆಗಳು ಇರುತ್ತವೆ. ಸಂದರ್ಶನಕ್ಕೆ ಹೋಗುವ ಮುಂಚೆ ಪ್ರತಿ ವಿಭಾಗದಿಂದ ಒಂದೊಂದನ್ನು ಟಿಪ್ಪಣಿ ಮಾಡಿಕೊಂಡು ಓದಿ, ಅಲ್ಲಿನ ಶಾಲೆಯೊಂದರಲ್ಲಿ ಕೆಲವು ದಿನ ತರಗತಿ ವೀಕ್ಷಣೆಗೆ ಅವಕಾಶ ಕೇಳಿ.