ಆ ರಾತ್ರಿಯಿಂದ ಶುರು ಮಾಡಿ

ನಮಸ್ಕಾರ,

8ರಿಂದ 12 ವರ್ಷದ ಮಕ್ಕಳಿಗೆಂದು ನೀವು ಬರೆದ, ಬೈಬಲಿನ ಪ್ರವಾದಿ ಸಮುವೇಲನ ಜೀವನಕಥೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಕನ್ನಡ ಚೆನ್ನಾಗಿದೆ. ತೊಂದರೆ ಇರುವುದು ನಿಮ್ಮ ಹುಡುಗನಲ್ಲಿ. ಮೊದಲ ಪುಟದಲ್ಲೇ ಅವನು 'ತೇಜಸ್ವಿ ಬಾಲಕ', ಎರಡನೇ ಪುಟಕ್ಕೆ 'ಮಹಾಜ್ಞಾನಿ'. (ನನಗೆ ಬರುವ ಹಸ್ತಪ್ರತಿಗಳಲ್ಲಿ ದೊಡ್ಡವರೆಲ್ಲ ತೊಟ್ಟಿಲಲ್ಲೇ ದೊಡ್ಡವರಾಗಿರುತ್ತಾರೆ.)

ಇಸ್ರಾಯೇಲರ 12 ಕುಲಗಳ ಇತಿಹಾಸಕ್ಕೇ ಐದು ಪುಟ ಹೋಗಿದೆ. ತೆಗೆದುಬಿಡಿ. ಶೀಲೋ ಊರಿನ ಮಂದಿರದ ಆ ರಾತ್ರಿಯಿಂದಲೇ ಶುರು ಮಾಡಿ. ದೀಪ ಇನ್ನೂ ಆರಿಲ್ಲ, ಮುದಿ ಯಾಜಕ ಏಲಿಗೆ ಕಣ್ಣು ಮಂಜಾಗಿದೆ, ತಾಯಿ ದೇವರ ಸೇವೆಗೆಂದು ಬಿಟ್ಟುಹೋದ, ಮಂದಿರದೊಳಗೆ ಮಲಗಿದ್ದ ಹುಡುಗನಿಗೆ ಯಾರೋ ಹೆಸರು ಹಿಡಿದು ಕರೆದಂತಾಗಿ, ಏಲಿಯೇ ಕರೆದಿರಬೇಕು ಅಂತ ಎದ್ದು ಓಡುತ್ತಾನೆ. ನಾನು ಕರೆದಿಲ್ಲ, ಹೋಗಿ ಮಲಗು ಅನ್ನುತ್ತಾನೆ ಏಲಿ. ಹೀಗೆ ಒಂದು ಸಲವಲ್ಲ, ಮೂರು ಸಲ ಓಡುತ್ತಾನೆ. ಓದುವ ಮಗು ನಗುವ ಜಾಗ ಇದು. ನೀವು ಒಂದೇ ಸಾಲಿನಲ್ಲಿ ಮುಗಿಸಿ, 'ದೇವರ ಕರೆಗೆ ಓಗೊಡಬೇಕು' ಎಂದು ನೀತಿ ಬೇರೆ ಹೇಳಿದ್ದೀರಿ.

ಮುಂದಿನದನ್ನಂತೂ ಬಿಟ್ಟೇಬಿಟ್ಟಿದ್ದೀರಿ. ಕರೆದವನು ದೇವರು, ಆದರೆ ಹುಡುಗನ ಕಿವಿಗೆ ಬಿದ್ದದ್ದು ಸಿಹಿಸುದ್ದಿಯಲ್ಲ. ಏಲಿಯ ಮಕ್ಕಳಾದ ಹೊಫ್ನಿ, ಫೀನೆಹಾಸ ಬಲಿಯ ಮಾಂಸವನ್ನು ಜನರಿಂದ ದಬಾಯಿಸಿ ಕಿತ್ತುಕೊಳ್ಳುತ್ತಿದ್ದರು, ಅಪ್ಪ ಬೈದನೇ ಹೊರತು ತಡೆಯಲಿಲ್ಲ, ಆ ಮನೆತನಕ್ಕೆ ಶಿಕ್ಷೆ ತಪ್ಪುವುದಿಲ್ಲ ಅಂತ. ಸಾಕಿದವನಿಗೇ ಇದನ್ನು ಹೇಗೆ ಹೇಳುವುದು? ಬೆಳಗಾದ ಮೇಲೆ ಅವನು ಎದ್ದು ಸುಮ್ನೆ ಮಂದಿರದ ಬಾಗಿಲು ತೆರೆಯುತ್ತಾನೆ. ಹೇಳಲು ಭಯ. ಕೊನೆಗೆ ಏಲಿಯೇ ಕರೆದು, ಏನೂ ಮುಚ್ಚಿಡಬೇಡ ಎಂದು ಒತ್ತಾಯಿಸಿದ ಮೇಲೆ ಎಲ್ಲ ಹೇಳುತ್ತಾನೆ. ನಿಮ್ಮ ಪುಸ್ತಕ ಇರುವುದೇ ಇಲ್ಲಿ. ಮುಂದೆ ರಾಜ ಸೌಲನ ಮುಖಕ್ಕೇ ನೀನು ಮಾಡಿದ್ದು ತಪ್ಪು ಎಂದವನು ಇದೇ ಹುಡುಗ ಅಲ್ವಾ?

ತಾಯಿ ಹನ್ನಳ ತ್ಯಾಗವನ್ನು ಒಂದೂವರೆ ಪುಟ ಹೊಗಳಿದ್ದೀರಿ. ಅವಳು ವರ್ಷಕ್ಕೊಮ್ಮೆ ಶೀಲೋವಿಗೆ ಬರುವಾಗ ಮಗನಿಗೊಂದು ಪುಟ್ಟ ಮೇಲಂಗಿ ಮಾಡಿ ತರುತ್ತಿದ್ದಳು ಎಂದು ಬೈಬಲಿನಲ್ಲಿದೆ. ವರ್ಷವಿಡೀ ಮಗನನ್ನು ನೋಡದವಳು ಅಳತೆಯನ್ನು ಹೇಗೆ ಅಂದಾಜು ಮಾಡುತ್ತಿದ್ದಳೋ! ಆ ಅಂಗಿ ಬರಲಿ, ಹೊಗಳಿಕೆ ಹೋಗಲಿ.

ಇನ್ನು ನಿಮ್ಮ ಕಥೆಯಲ್ಲಿ ಶೀಲೋ ಗುರುಕುಲವಾಗಿದೆ, ಏಲಿ ಋಷಿಯಾಗಿದ್ದಾನೆ, ಒಂದು ಕಡೆಯಂತೂ ಹುಡುಗ ಚರ್ಚಿನಲ್ಲಿ ಮಲಗಿದ್ದಾನೆ. ಯೇಸು ಹುಟ್ಟುವುದಕ್ಕೆ ಸುಮಾರು 1,000 ವರ್ಷ ಮೊದಲಿನ ಕಥೆ ರೀ ಇದು! ಮಕ್ಕಳಿಗೆ ಹತ್ತಿರವಾಗಲಿ ಎಂಬ ಆಸೆ ಸರಿ, ಆದರೆ ಶೀಲೋ ಎಫ್ರಾಯೀಮ್ ಬೆಟ್ಟಸೀಮೆಯ ಊರು, ಒಡಂಬಡಿಕೆಯ ಮಂಜೂಷ, ಅಂದರೆ ಇಸ್ರಾಯೇಲರ ಪವಿತ್ರ ಪೆಟ್ಟಿಗೆ, ಇದ್ದ ಜಾಗ, ಅಲ್ಲಿ ಬಲಿ ಕೊಡುತ್ತಿದ್ದರು. ಮಾಂಸದ ಮಾತೇ ಬೇಡವೆಂದರೆ ಹೊಫ್ನಿಯ ತಪ್ಪೇನೆಂದೇ ತಿಳಿಯುವುದಿಲ್ಲ. ಬೇಯುತ್ತಿರುವ ಪಾತ್ರೆಗೆ ಮೂರು ಮುಳ್ಳಿನ ಕೊಕ್ಕೆ ಹಾಕಿ ಸಿಕ್ಕಿದ್ದನ್ನೆಲ್ಲ ಎತ್ತಿಕೊಂಡು ಹೋಗುವ ಆಳು ಇದ್ದಾನಲ್ಲ, ಚಿತ್ರ ಬರೆಯುವವರಿಗೆ ಅವನೊಬ್ಬನೇ ಸಾಕು.

ಹೆಸರು ಎಲ್ಲ ಕಡೆ ಸಮುವೇಲ ಎಂದೇ ಇರಲಿ, ನಡುನಡುವೆ ಸ್ಯಾಮ್ಯುಯೆಲ್ ಬೇಡ. ಸಮುವೇಲ ಶತ್ರುರಾಜ ಅಗಾಗನನ್ನು ಕಡಿದ ಪ್ರಸಂಗವನ್ನು ಬಿಟ್ಟಿದ್ದೀರಿ, ಈ ವಯಸ್ಸಿಗೆ ಅದು ಸರಿ. ಆದರೆ ಸಮುವೇಲನ ಸ್ವಂತ ಮಕ್ಕಳು ಬೇರ್ಷೆಬದಲ್ಲಿ ನ್ಯಾಯಾಧಿಪತಿಗಳಾಗಿ ಲಂಚ ತಿಂದದ್ದನ್ನು ಯಾಕೆ ಬಿಟ್ಟಿರಿ? ಜನ ನಮಗೊಬ್ಬ ರಾಜ ಬೇಕು ಎಂದು ಬಂದದ್ದೇ ಆ ಮಾತು ಹಿಡಿದುಕೊಂಡು. ಏಲಿಯ ಮನೆಯ ಕಥೆ ಇವನ ಮನೆಯಲ್ಲೂ ಆಯ್ತಲ್ಲ ಎಂದು ಮಕ್ಕಳೇ ಕೇಳುತ್ತಾರೆ. ಕೇಳಲಿ ಬಿಡಿ, ನೀವು ಉತ್ತರ ಬರೆಯಬೇಡಿ.

ಪೂರ್ತಿ ತಿದ್ದುವುದು ಆಮೇಲೆ. ಸದ್ಯಕ್ಕೆ ಆ ರಾತ್ರಿ ಮತ್ತು ಬೆಳಿಗ್ಗೆಯನ್ನಷ್ಟೇ ಆರೇಳು ಪುಟದಲ್ಲಿ ಬರೆದು ಕಳಿಸಿ. ಏಲಿಯನ್ನು ಖಳನಾಯಕ ಮಾಡಬೇಡಿ. ಆ ಬೆಳಿಗ್ಗೆಯೂ ಅವನು ಹುಡುಗನನ್ನು ಕರೆಯುವುದು 'ಮಗನೇ' ಎಂದೇ.